ಎಡಗೈಗೆ ಬೀಳುವ ಭಾರ

ಯೆಹೂದಿಗಳ ಶರತ್ಕಾಲದ ಹಬ್ಬಗಳು ಹೊಸ ವರ್ಷವಾದ ರೋಶ್ ಹಶಾನಾದಿಂದ ಶುರುವಾಗಿ ಮೂರು ವಾರ ಒಂದರ ಬೆನ್ನಿಗೊಂದು ಬರುತ್ತವೆ. ಕೊನೆಯ ದಿನಗಳು ಬರುವ ಹೊತ್ತಿಗೆ ಅಮೆರಿಕದ ಕಾಲೇಜು ಮಕ್ಕಳು ಅರ್ಧ ಸೆಮಿಸ್ಟರ್ ಪರೀಕ್ಷೆಯ ಗಡಿಬಿಡಿಯಲ್ಲಿರುತ್ತಾರೆ. 2025ರಲ್ಲಿ ಸುಕ್ಕೋತ್ ಎಂಬ ಚಪ್ಪರದ ಹಬ್ಬದ ಕೊನೆಯ ದಿನವಾದ ಹೊಶಾನಾ ರಬ್ಬಾ ಅಕ್ಟೋಬರ್ 13ರ ಸೋಮವಾರ, ಅದರ ಬೆನ್ನಿಗೆ ಬರುವ ಶೆಮಿನಿ ಅತ್ಸೆರೆತ್ ಮಂಗಳವಾರ, ಐದು ಪುಸ್ತಕಗಳ ಧರ್ಮಗ್ರಂಥವಾದ ತೋರಾದ ಓದು ಮುಗಿಸುವ ಸಿಮ್ಹಾತ್ ತೋರಾ ಬುಧವಾರ ಬಿದ್ದವು. ಇಸ್ರೇಲಿನಲ್ಲಿ ಕೊನೆಯ ಎರಡೂ ಒಂದೇ ದಿನ; ಹೊರದೇಶದವರಿಗೆ ಎರಡು ದಿನ. ಆ ವರ್ಷದ ಲೆಕ್ಕದಲ್ಲಿ ಸೋಮವಾರ ತರಗತಿಗೆ ಹೋಗಿ ಬರಬಹುದು. ಆಚರಣೆ ಬಿಗಿಯಾಗಿ ಪಾಲಿಸುವವರಿಗೆ ಮುಂದಿನ ಎರಡು ದಿನ ಬರೆಯುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ಹಾಸ್ಟೆಲ್ ಬಾಗಿಲಿನ ಎಲೆಕ್ಟ್ರಾನಿಕ್ ಕಾರ್ಡನ್ನೂ ಉಜ್ಜುವಂತಿಲ್ಲ. ಮಾಮೂಲಿ ಬೀಗದ ಕೈ ಬೇಕೆಂದು ವಸತಿ ಕಚೇರಿಗೆ ಸೆಪ್ಟೆಂಬರಿನಲ್ಲೇ ಅರ್ಜಿ ಹಾಕಿರಬೇಕು. ಹಬ್ಬದ ಸಂಜೆ ನೆನಪಾದರೆ ಬಾಗಿಲ ಹೊರಗೇ ನಿಲ್ಲಬೇಕಾಗುತ್ತದೆ.

ಹೊಶಾನಾ ರಬ್ಬಾದ ಬೆಳಗ್ಗೆ ನಾಲ್ಕು ಜಾತಿಯ ಸಸ್ಯಗಳನ್ನು ಹಿಡಿದು ತೋರಾ ಓದುವ ಮೇಜಿಗೆ ಏಳು ಸುತ್ತು ಬರುತ್ತಾರೆ. ಖರ್ಜೂರದ ಬಿಚ್ಚದ ಗರಿ ಒಂದು, ಮರ್ಟಲ್ ರೆಂಬೆ ಮೂರು, ವಿಲೋ ರೆಂಬೆ ಎರಡು, ಜೊತೆಗೆ ಎತ್ರೋಗ್ ಎಂಬ ಹಣ್ಣು. ಎತ್ರೋಗ್ ಎಂದರೆ ನಮ್ಮ ಮಾದಲ ಹಣ್ಣೇ. ದಪ್ಪ ಸಿಪ್ಪೆ, ಒಳಗೆ ರಸ ಕಡಿಮೆ. ಸುತ್ತು ಮುಗಿದ ಮೇಲೆ ಇದನ್ನೆಲ್ಲ ಪಕ್ಕಕ್ಕಿಟ್ಟು, ಬೇರೆಯಾಗಿ ಕಟ್ಟಿಟ್ಟ ಐದು ವಿಲೋ ಕಡ್ಡಿಗಳ ಕಂತೆಯನ್ನು ನೆಲಕ್ಕೆ ಐದು ಸಲ ಬಡಿಯುತ್ತಾರೆ. ಐದೇ ಸಲ. ಎಲೆಗಳೆಲ್ಲ ಉದುರಬೇಕೆಂಬ ನಿಯಮವಿಲ್ಲ, ಆದರೆ ಪರೀಕ್ಷೆಯ ಸಿಟ್ಟೆಲ್ಲ ಅಲ್ಲೇ ತೀರಿಸಿಕೊಳ್ಳುವವರು ಇದ್ದೇ ಇರುತ್ತಾರೆ. ಕಾರ್ಪೆಟ್ಟಿನ ಮೇಲೆ ಬಡಿದರೆ ಎಲೆಚೂರು ನೂಲಿಗೆ ಕಚ್ಚಿಕೊಳ್ಳುತ್ತದೆ. ಸಿಮೆಂಟ್ ನೆಲವಾದರೆ ಒಂದು ಪೊರಕೆ ಸಾಕು.

ಕೆಡುವುದು ಹೆಚ್ಚಾಗಿ ವಿಲೋ. ಕೊಯ್ದ ಎರಡು ಮೂರು ದಿನಕ್ಕೇ ಎಲೆ ಒಣಗುತ್ತದೆ. ಒದ್ದೆ ಕಾಗದದಲ್ಲಿ ಸುತ್ತಿ, ಮೇಲೆ ಫಾಯಿಲ್ ಹೊದಿಸಿ ಫ್ರಿಜ್ಜಿನಲ್ಲಿಡಬೇಕು. ಕಾಗದ ತೊಟ್ಟಿಕ್ಕುವಷ್ಟು ನೆನೆದಿದ್ದರೆ ಎಲೆ ಕಪ್ಪಾಗಿ ಕೊಳೆಯುತ್ತದೆ, ಹಿಂಡಿ ಸುತ್ತಬೇಕು. ಹಬ್ಬ ಮುಗಿದ ಮೇಲೆ ಎತ್ರೋಗಿಗೆ ಲವಂಗ ಚುಚ್ಚಿಟ್ಟರೆ ಶನಿವಾರ ರಾತ್ರಿ ಸಬ್ಬತ್ತಿನ ವಿಶ್ರಾಂತಿ ದಿನವನ್ನು ಬೀಳ್ಕೊಡುವ ಹವ್ದಾಲಾಕ್ಕೆ ಸುವಾಸನೆಯಾಗುತ್ತದೆ. ಜಾಮ್ ಮಾಡುವ ಆಸೆಯಿದ್ದರೆ ಮೊದಲು ಔಷಧಿ ಹೊಡೆದ ಹಣ್ಣೋ ಅಲ್ಲವೋ ವಿಚಾರಿಸಿಕೊಳ್ಳಿ. ಸಿಪ್ಪೆಯ ಮೇಲೊಂದು ಕಲೆಯೂ ಇರಬಾರದೆಂದು ಬೆಳೆಯುವ ಹಣ್ಣಿಗೆ ಔಷಧಿ ಜೋರಾಗಿಯೇ ಬಿದ್ದಿರುತ್ತದೆ.

ಸೋಮವಾರ ಸೂರ್ಯ ಮುಳುಗುವುದರೊಳಗೆ 48 ಗಂಟೆ ಉರಿಯುವ ಮೇಣದ ದೀಪ ಹಚ್ಚಿಡಬೇಕು. ಹಬ್ಬದಲ್ಲಿ ಹೊಸದಾಗಿ ಬೆಂಕಿ ಹೊತ್ತಿಸುವಂತಿಲ್ಲ, ಉರಿಯುತ್ತಿರುವುದರಿಂದ ಹಚ್ಚಿಕೊಳ್ಳಬಹುದು. ಮಂಗಳವಾರ ರಾತ್ರಿಯ ದೀಪಕ್ಕೆ ಇದೇ ಮೂಲ. 24 ಗಂಟೆಯದನ್ನು ತಂದುಬಿಟ್ಟರೆ ಕತ್ತಲಾಗಿ ದೀಪ ಹಚ್ಚುವ ಹೊತ್ತಿಗೆ ಅದು ಆರಿರುತ್ತದೆ. ಮಂಗಳವಾರ ಬೆಳಗ್ಗೆ ಮಳೆಗಾಗಿ ಪ್ರಾರ್ಥನೆ, ತೀರಿಕೊಂಡವರ ನೆನಪಿನ ಯಿಝ್ಕೋರ್. ಊಟ ಇನ್ನೂ ಸುಕ್ಕಾ ಚಪ್ಪರದಲ್ಲೇ, ಆದರೆ ಅದರಲ್ಲಿ ಕೂರುವ ಆಶೀರ್ವಚನ ಹೇಳುವುದಿಲ್ಲ. ಉತ್ತರದ ರಾಜ್ಯಗಳ ಚಳಿಯಲ್ಲಿ ಸೂಪಿನ ಪಾತ್ರೆ ಖಾಲಿಯಾದೊಡನೆ ಚಪ್ಪರವೂ ಖಾಲಿ.

ಮಂಗಳವಾರ ರಾತ್ರಿಯೇ ಕುಣಿತ. ಪೆಟ್ಟಿಗೆಯಲ್ಲಿರುವ ತೋರಾ ಸುರುಳಿಗಳನ್ನೆಲ್ಲ ಹೊರತೆಗೆದು ಏಳು ಹಕಾಫೋತ್, ಅಂದರೆ ಏಳು ಸುತ್ತು. ಮೊದಲೆರಡು ಸುತ್ತಿಗೇ ಮುಕ್ಕಾಲು ಗಂಟೆ ಕುಣಿದುಬಿಟ್ಟರೆ ಏಳನೆಯದಕ್ಕೆ ಐದಾರು ಜನ ಉಳಿಯುತ್ತಾರೆ. ಸುತ್ತಿಗೆ ಹದಿನೈದು ನಿಮಿಷ ಮೀರದಂತೆ ಕೂಗಿ ನಿಲ್ಲಿಸಲು ಗಟ್ಟಿ ದನಿಯವರೊಬ್ಬರು ಬೇಕು. ಸುರುಳಿಯ ಕೋಲಿನ ತುದಿಯ ಬೆಳ್ಳಿ ಕಳಶಗಳನ್ನು ಮೊದಲೇ ತೆಗೆದಿಡಿ, ಕುಣಿತದಲ್ಲಿ ಹಾರಿ ಯಾರ ಹಣೆಗಾದರೂ ತಗಲುತ್ತವೆ. ದೊಡ್ಡ ಸುರುಳಿ ಹತ್ತು ಕಿಲೋ ಮೀರುತ್ತದೆ. ಬಲ ಭುಜಕ್ಕೆ ಒರಗಿಸಿ, ಒಂದು ಕೈ ಕೆಳಗಿನ ಹಿಡಿಗಳಿಗೆ, ಇನ್ನೊಂದು ಮೈಗೆ ಸುತ್ತಿ ಹಿಡಿಯಬೇಕು. ದಾಟಿಸುವಾಗ “ಹಿಡಿದೆಯಾ?” ಎಂದು ಕೇಳಿ, “ಹಿಡಿದೆ” ಎಂಬ ಉತ್ತರ ಬಂದ ಮೇಲೇ ಕೈ ಬಿಡುವುದು. ಸುರುಳಿ ನೆಲಕ್ಕೆ ಬಿದ್ದರೆ ಉಪವಾಸ ಹಿಡಿಯುವ ಪದ್ಧತಿ ಇದೆ. ಅದಕ್ಕಿಂತ ಹೆಚ್ಚಾಗಿ ಬೀಳಿಸಿದವರ ಮುಖ ನೋಡಲಾಗುವುದಿಲ್ಲ. ಅಮೆರಿಕದಲ್ಲಿ 21 ತುಂಬದವರಿಗೆ ಸಾಮಾನ್ಯವಾಗಿ ಮದ್ಯ ಕೊಡುವಂತಿಲ್ಲ, ಆದ್ದರಿಂದ ಬಟ್ಟಲು ಹಿಡಿದು ಹೇಳುವ ಆಶೀರ್ವಚನವಾದ ಕಿದ್ದುಷ್‌ಗೆ ದ್ರಾಕ್ಷಿ ರಸ. ಚೆಲ್ಲಿದ ರಸವನ್ನು ಆಗಲೇ ಒರೆಸಬೇಕು. ಬೀಳುವವರಲ್ಲಿ ಹೆಚ್ಚಿನವರು ಜಾರಿ ಬೀಳುವವರೇ.

2023ರ ಅಕ್ಟೋಬರ್ 7ರ ಹಮಾಸ್ ದಾಳಿ ಇಸ್ರೇಲಿನಲ್ಲಿ ನಡೆದದ್ದು ಇದೇ ಹಬ್ಬದ ಬೆಳಗ್ಗೆ. ಅಲ್ಲಿಂದೀಚೆಗೆ ಕೆಲವೆಡೆ ಒಂದು ಸುತ್ತನ್ನು ಕುಣಿಯದೆ, ಮೆಲ್ಲಗೆ ಹಾಡಿ ಮುಗಿಸುತ್ತಾರೆ. ಯಾವ ಸುತ್ತು ಎಂಬುದನ್ನು ಮೊದಲೇ ತಿಳಿಸಿದ್ದರೆ ಒಳ್ಳೆಯದು. ಜೋರು ಹಾಡಿನ ನಡುವೆ ಥಟ್ಟನೆ ನಿಲ್ಲಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಬುಧವಾರ ಬೆಳಗ್ಗೆ ತೋರಾದ ಕೊನೆಯ ಅಧ್ಯಾಯ ಓದಿ, ಕೂಡಲೇ “ಬೆರೇಶಿತ್” (ಆದಿಯಲ್ಲಿ) ಎಂದು ಮೊದಲಿನಿಂದ ಶುರು ಮಾಡುತ್ತಾರೆ. ಇದಕ್ಕೆ ಮೂರು ಸುರುಳಿ ಬೇಕು: ಮುಗಿಸಲು ಒಂದು, ಆರಂಭಿಸಲು ಒಂದು, ಹಬ್ಬದ ಬಲಿಗಳ ಭಾಗಕ್ಕೆ ಇನ್ನೊಂದು. ಒಂದೇ ಇದ್ದರೆ ಕೊನೆಯಿಂದ ಮೊದಲಿಗೆ ಸುತ್ತಿಕೊಂಡು ಬರುವಷ್ಟರಲ್ಲಿ ಜನ ಮಾತಿಗೆ ಇಳಿದಿರುತ್ತಾರೆ. ಹತ್ತಿರದ ಸಿನಗಾಗಿನಿಂದ (ಯೆಹೂದಿ ಪ್ರಾರ್ಥನಾ ಮಂದಿರ) ಎರವಲು ತಂದು, ಹಿಂದಿನ ವಾರವೇ ಮೂರನ್ನೂ ಸರಿಯಾದ ಜಾಗಕ್ಕೆ ಸುತ್ತಿಡುವುದು ಲೇಸು. ಉದಾರವಾದಿ ಕ್ಯಾಂಪಸ್ ಕೂಟಗಳಲ್ಲಿ ಇಡೀ ಸುರುಳಿಯನ್ನು ಬಿಚ್ಚಿ ಸಭಾಂಗಣದ ಸುತ್ತ ವಿದ್ಯಾರ್ಥಿಗಳ ಕೈಯಲ್ಲಿ ನಿಲ್ಲಿಸುವುದೂ ಉಂಟು. ಸಂಪ್ರದಾಯಸ್ಥರಿಗೆ ಅದು ಸರಿಬರುವುದಿಲ್ಲ. ಬಿಚ್ಚುವುದಾದರೆ ಬರಿಗೈಯಲ್ಲಿ ಸುರುಳಿಯ ಚರ್ಮ ಮುಟ್ಟಬಾರದು, ತಲಿತ್ ಎಂಬ ಪ್ರಾರ್ಥನೆಯ ಶಾಲು ಮಡಿಸಿ ಅಂಚು ಹಿಡಿಯಬೇಕು, ಉಂಗುರ ಗಡಿಯಾರ ಕಳಚಿಡಬೇಕು. ಮತ್ತೆ ಸುತ್ತುವಾಗ ಒಬ್ಬರು ಅವಸರಪಟ್ಟರೂ ಸುರುಳಿ ಒಂದು ಕಡೆಗೆ ಓರೆಯಾಗಿ ಅಂಚು ಸುಕ್ಕುಗಟ್ಟುತ್ತದೆ.

ಇನ್ನು ಹಗ್ಬಾ, ಓದಿದ ಸುರುಳಿಯನ್ನು ಬಿಡಿಸಿ ಎತ್ತಿ ತೋರಿಸುವುದು. ಹೀಬ್ರೂ ಬಲದಿಂದ ಎಡಕ್ಕೆ ಸಾಗುವುದರಿಂದ ಓದಿ ಮುಗಿದದ್ದೆಲ್ಲ ಬಲಗೋಲಿಗೆ ಸುತ್ತಿಕೊಳ್ಳುತ್ತದೆ. ಕೊನೆಯ ಅಧ್ಯಾಯಕ್ಕೆ ಬಂದಾಗ ಭಾರವೆಲ್ಲ ಬಲಗೈಗೆ. ಬಹಳ ಮಂದಿ ಅಷ್ಟನ್ನು ನಿಭಾಯಿಸುತ್ತಾರೆ. ಆದಿಕಾಂಡದ ಮೊದಲ ಅಂಕಣಕ್ಕೆ ಬಂದರೆ ಬಲಗೋಲು ಬೋಳು, ಐದೂ ಪುಸ್ತಕದ ಭಾರ ಎಡಗೈಗೆ. ಜಿಮ್ಮಿಗೆ ಹೋಗುವ ಹುಡುಗನನ್ನೇ ಆರಿಸಿದರೂ ಮಣಿಕಟ್ಟು ಹೊರಳಿಬಿಡಬಹುದು. ಎಡಚರಿದ್ದರೆ ಅವರಿಗೇ ಕೊಡಿ. ಮೂರು ಅಂಕಣ ಮಾತ್ರ ಬಿಡಿಸಿ, ಚರ್ಮ ಬಿಗಿಯಾಗುವಂತೆ ಎಳೆದು, ಹಿಡಿಗಳು ಮೇಜಿನಂಚಿನಿಂದ ಹೊರಗೆ ಬರುವವರೆಗೆ ಜಾರಿಸಿ. ಮಂಡಿ ಬಗ್ಗಿಸಿ, ಅಂಚನ್ನೇ ಸನ್ನೆಗೋಲಿನ ಆಧಾರ ಮಾಡಿಕೊಂಡು ಹಿಡಿಗಳನ್ನು ಕೆಳಕ್ಕೆ ಒತ್ತಿದರೆ ಸುರುಳಿ ತಾನೇ ನೆಟ್ಟಗಾಗುತ್ತದೆ. ಆಮೇಲೆ ಎದ್ದು ನಿಲ್ಲುವುದಷ್ಟೇ. ಹಿಂದೆ ಕುರ್ಚಿ ಹಿಡಿದು ಒಬ್ಬರು ಸಿದ್ಧವಾಗಿರಲಿ.

ಚಪ್ಪರ ಬಿಚ್ಚುವುದು ಬುಧವಾರ ಕತ್ತಲಾದ ಮೇಲೆ. ಚಾವಣಿಯ ಬಿದಿರು ಚಾಪೆ ಒದ್ದೆಯಿದ್ದರೆ ಸುತ್ತಬೇಡಿ, ಬೂಷ್ಟು ಹಿಡಿಯುತ್ತದೆ. ಬೋಲ್ಟುಗಳನ್ನು ಚೀಲಕ್ಕೆ ಹಾಕಿ ಕಂಬಕ್ಕೇ ಕಟ್ಟಿ. ಈ ವರ್ಷ ಬಿಚ್ಚಿದವರು ಮುಂದಿನ ವರ್ಷ ಪಾಸಾಗಿ ಹೋಗಿರುತ್ತಾರೆ.