ಈ ವಸಂತಕ್ಕೆ ಲಾಕ್‌ಡೌನ್ ಇಲ್ಲ

ಇವತ್ತು 2020ರ ಏಪ್ರಿಲ್ 2, ರಾಮನವಮಿ. ಯುಗಾದಿಯಂತೂ ಕೊರೊನಾ ಲಾಕ್‌ಡೌನಿನ ಮೊದಲ ದಿನವೇ ಬಂತು, ಮಾರ್ಚ್ 25ಕ್ಕೆ. ಎಂಥಾ ಮುಹೂರ್ತ ಅಲ್ವಾ! 2020ರ ಪಂಚಾಂಗದಲ್ಲಿ ಈ 21 ದಿನಗಳ ಲಾಕ್‌ಡೌನ್ ಬಗ್ಗೆ ಏನು ಬರೆದಿತ್ತೋ, ನಾನಂತೂ ನೋಡಲಿಲ್ಲ.

ಆದರೆ ನಮ್ಮ ಬೀದಿಯ ಹೊಂಗೆ ಮರಕ್ಕೆ ಇದ್ಯಾವುದೂ ಗೊತ್ತಿಲ್ಲ. ಹೊಸ ಚಿಗುರು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದೆ, ತಿಳಿ ನೇರಳೆ ಹೂವು ಉದುರಿ ಉದುರಿ ಕೆಳಗೆ ನಿಂತ ಸ್ಕೂಟರಿನ ಸೀಟು ಪೂರ್ತಿ ಮುಚ್ಚಿಹೋಗಿದೆ, ಯಾರೂ ಗಾಡಿ ತೆಗೆಯದೇ ಇರೋದರಿಂದ ಅದನ್ನು ಒರೆಸುವವರೂ ಇಲ್ಲ. ಟ್ರಾಫಿಕ್ ಸದ್ದಿಲ್ಲದೆ ಜೇನ್ನೊಣಗಳ ಗುಂಯ್ ಅನ್ನೋದು ಮಹಡಿವರೆಗೂ ಕೇಳುತ್ತದೆ. ಬೆಂಗಳೂರಲ್ಲಿ!

ದೇವಸ್ಥಾನ ಭಕ್ತರಿಗೆ ಮುಚ್ಚಿದೆ. ಅರ್ಚಕರೊಬ್ಬರೇ ಒಳಗೆ ಪೂಜೆ ಮಾಡುತ್ತಾರೆ. ಬೆಳಿಗ್ಗೆ ಗಂಟೆ ಕೇಳಿದಾಗ ಬಾಲ್ಕನಿಯಲ್ಲೇ ಕೈ ಮುಗಿದೆ. ನಾನೇನು ಅಷ್ಟು ದೊಡ್ಡ ಭಕ್ತನಲ್ಲ. ಆದರೂ ಟಿವಿಯಲ್ಲಿ ದಿನವಿಡೀ ಸೋಂಕಿತರ ಲೆಕ್ಕ ಕೇಳಿ ಕೇಳಿ ಹೊಟ್ಟೆಯಲ್ಲಿ ಕಟ್ಟಿಕೊಂಡಿದ್ದ ಭಯ ಆ ಹೊತ್ತಿಗೆ ಸ್ವಲ್ಪ ಸಡಿಲವಾಯ್ತು. ಯಾಕೆ ಅಂತ ಕೇಳಬೇಡಿ, ಸುಮ್ನೆ ಹಾಗಾಯ್ತು.

ಪಾನಕಕ್ಕೆ ಬೆಲ್ಲ, ಏಲಕ್ಕಿ, ಶುಂಠಿ ಎಲ್ಲಾ ಮನೆಯಲ್ಲೇ ಇತ್ತು. ಕೋಸಂಬರಿಗೆ ಸೌತೆಕಾಯಿ ಸಿಗಲಿಲ್ಲ, ಕ್ಯಾರೆಟ್ ತುರಿದು ಹಾಕಿದ್ವಿ. ರಾಮ ಅಡ್ಜಸ್ಟ್ ಮಾಡಿಕೊಳ್ಳುತ್ತಾನೆ ಬಿಡಿ. ನಿಮ್ಮನೇಲಿ ಏನು ಮಾಡಿದ್ರಿ?