ಮೂಗಿಗೆ ಪ್ಯಾಕ್ ಹಾಕಿದ ರಾತ್ರಿ

ಇಎನ್‌ಟಿ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದ ಸ್ವಲ್ಪ ದಿನಕ್ಕೇ ಒಂದು ವಿಷಯ ಗೊತ್ತಾಗಿಬಿಡುತ್ತದೆ. ಮೂಗಿನ ಆಪರೇಷನ್‌ಗೆ ಬರುವವರಿಗೆ ಆಪರೇಷನ್‌ಗಿಂತ, ಆಮೇಲೆ ರಕ್ತ ನಿಲ್ಲಲೆಂದು ಮೂಗಿನೊಳಗೆ ತುಂಬುವ ಪ್ಯಾಕ್ ಬಗ್ಗೆಯೇ ಭಯ ಜಾಸ್ತಿ. ಆಪರೇಷನ್ ಆಗುವಾಗ ಅರಿವಳಿಕೆ ಕೊಟ್ಟಿರುತ್ತಾರೆ, ಏನೂ ಗೊತ್ತಾಗುವುದಿಲ್ಲ. ಪ್ಯಾಕ್ ಮಾತ್ರ ಎಚ್ಚರ ಇರುವಾಗಲೇ ಮೂಗಿನಲ್ಲಿ ಕೂತಿರುತ್ತದೆ ಅಲ್ವಾ.

ಆವತ್ತು ಅಡ್ಮಿಟ್ ಆದ ಹುಡುಗನಿಗೂ ಅದೇ ಚಿಂತೆ. ಮೂಗಿನ ನಡುಗೋಡೆ ಸೊಟ್ಟಗಿತ್ತು, ಒಂದು ಕಡೆ ಉಸಿರೇ ಆಡುತ್ತಿರಲಿಲ್ಲ. ಮರುದಿನ ಆಪರೇಷನ್. ನಾನು ಹೋದಾಗ ಫೋನಿನಲ್ಲಿ ಯಾರದೋ ಮೂಗಿನಿಂದ ಮಾರುಗಟ್ಟಲೆ ಬಟ್ಟೆ ಎಳೆಯುವ ವಿಡಿಯೋ ನೋಡುತ್ತಿದ್ದ.

"ಸಿಸ್ಟರ್, ನಿದ್ದೆಯಲ್ಲಿ ಬಾಯಿ ಮುಚ್ಚಿಕೊಂಡರೆ ಏನು ಗತಿ?"

"ಏನೂ ಆಗಲ್ಲ, ಸುಮ್ನೆ ಹೆದರಬೇಡ" ಅಂತ ಹೇಳಿ ಮುಂದಿನ ಮಂಚಕ್ಕೆ ಹೋಗಬಹುದಿತ್ತು. ಆದರೆ ಆ ಮಾತಿನಿಂದ ಧೈರ್ಯ ಬಂದವರನ್ನು ನಾನಂತೂ ನೋಡಿಲ್ಲ.

"ಜೋರು ನೆಗಡಿಯಾಗಿ ಮೂಗು ಪೂರ್ತಿ ಕಟ್ಟಿದಾಗ ಹೇಗೆ ಮಲಗುತ್ತಿದ್ದೆ?"

"ಬಾಯಲ್ಲಿ ಉಸಿರಾಡಿಕೊಂಡು."

"ಬಾಯಿ ತೆರೆದಿಡು ಅಂತ ರಾತ್ರಿಯೆಲ್ಲ ಯಾರಾದರೂ ಕೂತು ಹೇಳ್ತಿದ್ರಾ?"

ಸ್ವಲ್ಪ ನಕ್ಕ. ಮೂಗನ್ನು ಬೆರಳಿನಿಂದ ಮುಚ್ಚಿಕೊಂಡು ಬಾಯಲ್ಲಿ ಉಸಿರಾಡಲು ಹೇಳಿದೆ. ಆಡಿದ. ಮೂಗು ಬಿಡದೆ ಹಾಗೇ ಎಂಜಲು ನುಂಗು ಎಂದೆ. ನುಂಗಿದ ತಕ್ಷಣ ಕಣ್ಣು ಅಗಲವಾಯಿತು, ಕೈ ಕಿವಿಗೆ ಹೋಯಿತು.

"ಕಿವಿ ಗಪ್ಪಂತ ಮುಚ್ಚಿಕೊಂಡಿತು!"

ನನಗೆ ಬೇಕಾಗಿದ್ದು ಅದೇ. ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ಕೊಳವೆ ಇದೆ. ಮೂಗು ಮುಚ್ಚಿರುವಾಗ ನುಂಗಿದರೆ ಒತ್ತಡ ಅಲ್ಲಿಗೆ ತಟ್ಟುತ್ತದೆ. ಪ್ಯಾಕ್ ಇರುವಷ್ಟು ಹೊತ್ತು ಪ್ರತಿ ಗುಟುಕು ನೀರಿಗೂ ಹೀಗೆ ಆಗುತ್ತದೆ ಎಂದೆ. ಮೊದಲೇ ಗೊತ್ತಿದ್ದರೆ ಅದು ಕಿರಿಕಿರಿ ಅಷ್ಟೇ. ಗೊತ್ತಿಲ್ಲದಿದ್ದರೆ ತಲೆಯೊಳಗೆ ಏನೋ ಕೆಟ್ಟುಹೋಗಿದೆ ಅನ್ನಿಸುತ್ತದೆ. ಕಣ್ಣೀರಿನದೂ ಹಾಗೇ. ಕಣ್ಣಿನ ನೀರು ಹರಿದುಹೋಗುವ ದಾರಿ ಮೂಗಿನೊಳಗೇ ತೆರೆದುಕೊಳ್ಳುತ್ತದೆ. ಅದಕ್ಕೆ ಅಡ್ಡ ಬಿದ್ದರೆ ನೀರು ಕೆನ್ನೆ ಮೇಲೆ ಇಳಿಯುತ್ತದೆ. ಮಗ ನೋವಿನಿಂದ ಅಳುತ್ತಿದ್ದಾನೆ ಅಂದುಕೊಂಡು ಮನೆಯವರೂ ಅಳಲು ಶುರು ಮಾಡುತ್ತಾರೆ! ಪಕ್ಕದಲ್ಲಿ ಕೂತಿದ್ದ ಅವನ ಅಮ್ಮನಿಗೂ ಕೇಳಲಿ ಅಂತ ಇದನ್ನು ಸ್ವಲ್ಪ ಜೋರಾಗಿಯೇ ಹೇಳಿದೆ.

ಅವಧಿ ಮುಗಿದ ಒಂದು ಸ್ಪಂಜ್ ಪ್ಯಾಕನ್ನು ಇಂಥವರಿಗೆ ತೋರಿಸಲೆಂದೇ ಎತ್ತಿಟ್ಟುಕೊಂಡಿದ್ದೆ. ಒಣಗಿದ್ದಾಗ ಅದು ಐಸ್‌ಕ್ರೀಂ ಕಡ್ಡಿಯ ಹಾಗೆ ತೆಳ್ಳಗೆ, ಗಟ್ಟಿ. ಸಿರಿಂಜ್‌ನಿಂದ ಸಲೈನ್ ಬಿಟ್ಟೆ. ಅವನ ಅಂಗೈ ಮೇಲೇ ಉಬ್ಬಿ ಮೆತ್ತಗಾಯಿತು. ಬೆರಳಿನಿಂದ ಒತ್ತಿ ಒತ್ತಿ ನೋಡಿದ. ಒಳಗೆ ರಕ್ತ ಸುರಿಯದ ಹಾಗೆ, ನಡುಗೋಡೆಯ ಪದರದಡಿ ರಕ್ತ ಕಟ್ಟಿಕೊಳ್ಳದ ಹಾಗೆ ಇದು ಒತ್ತಿ ಹಿಡಿಯುತ್ತದೆ. ತುದಿಯಲ್ಲಿರುವ ದಾರವನ್ನು ಕೆನ್ನೆಗೆ ಅಂಟಿಸಿರುತ್ತೇವೆ, ಹಿಂದಕ್ಕೆ ಜಾರಿ ಗಂಟಲಿಗೆ ಬೀಳದಿರಲಿ ಅಂತ. ಎಲ್ಲ ಡಾಕ್ಟರರೂ ಪ್ಯಾಕ್ ಹಾಕುತ್ತಾರೆ ಅಂತಲೂ ಇಲ್ಲ. ಕೆಲವರು ಒಳಗೇ ಹೊಲಿಗೆ ಹಾಕಿ ಬಿಡುತ್ತಾರೆ, ಕೆಲವರು ತಾನಾಗೇ ಕರಗುವಂಥದ್ದು ಇಡುತ್ತಾರೆ. ಮೊದಲೇ ಕೇಳಿಕೊಂಡರೆ ಒಳ್ಳೆಯದು.

ಆಪರೇಷನ್ ಚೆನ್ನಾಗಿಯೇ ಆಯಿತು. ರಾತ್ರಿಯದೇ ಕಷ್ಟ. ನನ್ನನ್ನು ಕೇಳಿದರೆ ನೋವಿಗಿಂತ ಬಾಯಿ ಒಣಗುವುದೇ ದೊಡ್ಡ ಕಾಟ. ತಲೆ ಎತ್ತರಕ್ಕೆ ಇರಲಿ ಅಂತ ದಿಂಬುಗಳನ್ನು ಒಟ್ಟಿದೆ. ತುಟಿಗೆ ವ್ಯಾಸಲೀನ್ ಹಚ್ಚಿದೆ. ಆಗಾಗ ಒಂದೊಂದು ಗುಟುಕು ನೀರು ಕೊಡಲು ಅವನ ಅಮ್ಮನಿಗೆ ಹೇಳಿದೆ. ಮೂಗಿನ ಕೆಳಗೆ ಕಟ್ಟಿದ ಗಾಜ್ ಬಟ್ಟೆ ತಿಳಿಗೆಂಪಾದರೆ ಹೆದರಬೇಕಾಗಿಲ್ಲ, ಬದಲಾಯಿಸಿದರಾಯಿತು. ತಾಜಾ ರಕ್ತ ನಿಲ್ಲದೆ ಇಳಿದರೆ, ಇಲ್ಲವೇ ಗಂಟಲಿಗೆ ಬರುತ್ತಲೇ ಇದೆ ಅನ್ನಿಸಿದರೆ, ಜ್ವರ, ಮೈಮೇಲೆ ಕೆಂಪು ಗುಳ್ಳೆ, ತಲೆಸುತ್ತು ಬಂದರೆ ತಕ್ಷಣ ಬೆಲ್ ಒತ್ತಿ ಎಂದೆ.

ಮಧ್ಯರಾತ್ರಿ ಬೆಲ್ ಆಯಿತು. ಎದ್ದು ಕೂತು "ಉಸಿರು ಕಟ್ತಿದೆ ಸಿಸ್ಟರ್" ಅನ್ನುತ್ತಿದ್ದ. ಕೈ ಆಗಲೇ ಕೆನ್ನೆಯ ದಾರದ ಹತ್ತಿರ. ಮೊದಲು ಬಾಯೊಳಗೆ ಟಾರ್ಚ್ ಬಿಟ್ಟು ನೋಡಿದೆ, ಗಂಟಲಲ್ಲಿ ರಕ್ತ ಇರಲಿಲ್ಲ. ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದೆ. 97, ಸರಿಯಾಗಿಯೇ ಇತ್ತು. ಅದನ್ನು ಅವನ ಕಡೆಗೇ ತಿರುಗಿಸಿದೆ. ಗಾಬರಿಯಲ್ಲಿ ಜನ ಗಾಳಿ ಎಳೆದುಕೊಳ್ಳುತ್ತಲೇ ಇರುತ್ತಾರೆ, ಹೊರಗೆ ಬಿಡುವುದನ್ನೇ ಮರೆಯುತ್ತಾರೆ. "ಊಫ್ ಅಂತ ನಿಧಾನಕ್ಕೆ ಬಿಡು, ಎಳೆದುಕೊಳ್ಳೋದು ತಾನಾಗೇ ಆಗುತ್ತೆ" ಎಂದೆ. ಅಂಕಿ ನೋಡುತ್ತಾ ನೋಡುತ್ತಾ ಹೆಗಲು ಕೆಳಗಿಳಿಯಿತು. ಮಲಗಿದ. ಬಾಯಿ ತೆರೆದುಕೊಂಡೇ ಇತ್ತು, ಗೊರಕೆ ಬೇರೆ.

ಪ್ಯಾಕ್ ತೆಗೆಯುವ ದಿನ ನೋವಾಗಲ್ಲ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹಾಗೆ ಹೇಳಿ ನೋವಾದರೆ ಮೂಗಿನ ಇನ್ನೊಂದು ಹೊಳ್ಳೆಯ ಹೊತ್ತಿಗೆ ನಮ್ಮ ಮಾತು ಯಾರು ನಂಬುತ್ತಾರೆ? "ಜೋರು ಎಳೆತ, ಕಣ್ಣಲ್ಲಿ ನೀರು, ಕೆಲವು ಸೆಕೆಂಡು. ಆಮೇಲೆ ಒಂಚೂರು ರಕ್ತ ತೊಟ್ಟಿಕ್ಕುತ್ತೆ" ಎಂದಿದ್ದೆ. ಮುಂಚೆಯೇ ನೋವಿನ ಮಾತ್ರೆ ಕೊಟ್ಟು, ಸಲೈನ್ ಬಿಟ್ಟು ಪ್ಯಾಕ್ ನೆನೆಸಿ ಕಾದೆವು. ಟ್ರೇಯನ್ನು ಗಲ್ಲದ ಕೆಳಗೆ ಅವನೇ ಹಿಡಿದುಕೊಂಡ. ಬಾಯಲ್ಲಿ ಉಸಿರು ಬಿಡುತ್ತಿರುವಾಗ ಡಾಕ್ಟರ್ ಎಳೆದರು. ಬೆರಳುದ್ದದ ಸ್ಪಂಜ್. ಮುಖ ಕಿವುಚಿದ. ಎರಡನೆಯದಕ್ಕೆ ತಾನೇ ತಲೆ ಮುಂದೆ ಮಾಡಿದ.

ತಕ್ಷಣ ಏಳಲು ಬಿಡಲಿಲ್ಲ, ಕೆಲವರಿಗೆ ಆಗ ತಲೆ ಸುತ್ತುತ್ತದೆ. ಊತದಿಂದ ಮೂಗು ಮತ್ತೆ ಕಟ್ಟಿದ ಹಾಗಾಗುತ್ತದೆ, ಆಪರೇಷನ್ ಫೇಲ್ ಆಯಿತು ಅಂದುಕೊಳ್ಳಬೇಡ, ಮೂಗು ಜೋರಾಗಿ ಸೀಟಬೇಡ, ಹೇಳಿದ ಹಾಗೆ ಸಲೈನ್‌ನಲ್ಲಿ ತೊಳೆಯುತ್ತಿರು ಎಂದೆ. ಅವನು ತಲೆಯಾಡಿಸಿದ. ಈ ಸಲ ಪ್ರಶ್ನೆ ಕೇಳಿದ್ದು ಅಮ್ಮ.

"ಸೀನು ಬಂದರೆ ಏನು ಮಾಡಲಿ ಸಿಸ್ಟರ್?"

"ಬಾಯಿ ತೆರೆದು ಸೀನಲಿ, ಅಮ್ಮ. ತಡೆಯೋದು ಬೇಡ."