ಏಳು, ಎಂಟು, ಐವತ್ತಾರು: ನಮ್ಮ ಬ್ಯಾಲೆ ಎಲ್ಲಿಗೆ ಬಂತು

ಒಂಬತ್ತು ವಾರ ಆಯ್ತು. ಹನ್ನೆರಡು ನಿಮಿಷದ ಬ್ಯಾಲೆಯಲ್ಲಿ ಏಳು ನಿಮಿಷ ಕೈಗೆ ಸಿಕ್ಕಿದೆ. ಮರೆಯುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ.

ಬ್ಯಾಲೆ ಮಾಡ್ತಿದೀವಿ ಅಂದ ತಕ್ಷಣ ನಮ್ಮ ದೊಡ್ಡಮ್ಮ ಕೇಳಿದ್ದು, "ಯಾವ ಕಥೆನೇ? ಶ್ರೀನಿವಾಸ ಕಲ್ಯಾಣನಾ?" ಅವರದೇನೂ ತಪ್ಪಿಲ್ಲ. ನಮ್ಮ ಕಡೆ ಬ್ಯಾಲೆ ಅಂದರೆ ನೃತ್ಯರೂಪಕ. ಸ್ಕೂಲ್ ಡೇ, ಥರ್ಮಾಕೋಲ್ ಕಿರೀಟ, ಹಿಂದಿನಿಂದ ಮೈಕಿನಲ್ಲಿ ಕಥೆ ಹೇಳುವ ಮೇಷ್ಟ್ರು. ನಮ್ಮದರಲ್ಲಿ ಕಥೆಯೇ ಇಲ್ಲ. ಹೆಜ್ಜೆಗಳು ಪಶ್ಚಿಮದ ಬ್ಯಾಲೆಯವು. ಆದರೆ ಬೆನ್ನು ಸದಾ ನೆಟ್ಟಗೆ ಇರಬೇಕು ಅನ್ನುವ ಕಟ್ಟುಪಾಡಿಲ್ಲ. ಪಾದ ಒಳಗೆ ತಿರುಗಬಹುದು, ನೆಲದ ಮೇಲೆ ಉರುಳಬಹುದು, ಬೀಳುವ ಹಾಗೆ ವಾಲಿಕೊಂಡೇ ಸುತ್ತಬಹುದು. "ಹಾಗಾದ್ರೆ ಜನ ಏನು ನೋಡ್ತಾರೆ?" ಅಂದರು ದೊಡ್ಡಮ್ಮ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕುಣಿಯುವವರು ಐದು ಜನ. ನಾನು ಹತ್ತೊಂಬತ್ತು ವಯಸ್ಸಿನ ತನಕ ಭರತನಾಟ್ಯ ಕಲಿತು, ಆಮೇಲೆ ಆಡಿಟ್ ಕೆಲಸಕ್ಕೆ ಸೇರಿ ಗೆಜ್ಜೆ ಅಟ್ಟಕ್ಕೆ ಹಾಕಿದವಳು. ಚಿಕ್ಕಂದಿನಿಂದ ಬ್ಯಾಲೆ ಕಲಿತ ಹುಡುಗಿ ಒಬ್ಬಳು. ಪುತ್ತೂರಿನ ಹುಡುಗ, ತೆಂಕುತಿಟ್ಟು ಯಕ್ಷಗಾನ ಮಾಡಿದವನು, ಈಗ ಸಾಫ್ಟ್‌ವೇರ್. ಹಿಪ್‌ಹಾಪ್ ಮಾಡುವ ಕಾಲೇಜು ಹುಡುಗ. ಐದನೆಯವರು ಯೋಗ ಟೀಚರ್, ಹಿಂದೆ ವೀಣೆ ಕಲಿತವರು. ಬ್ಯಾಲೆ ಕಟ್ಟುತ್ತಿರುವವರನ್ನು ನಾವೆಲ್ಲ ಅಕ್ಕ ಅಂತೀವಿ. ನೃತ್ಯ ಕಟ್ಟೋದಕ್ಕೂ ಬೇರೆ ಓದಬೇಕಾ ಅಂತ ಆಫೀಸಿನಲ್ಲಿ ಕೇಳುತ್ತಾರೆ. ಬೆಂಗಳೂರಿನವರೇ ಆದ ಮಾಯಾ ರಾವ್ 1960ರ ದಶಕದಲ್ಲೇ ಮಾಸ್ಕೋಗೆ ಹೋಗಿ ಕೊರಿಯೋಗ್ರಫಿ ಓದಿ ಬಂದರು, ಆಮೇಲೆ ಇದೇ ಊರಿನಲ್ಲಿ ಕಲಿಸಿದರು. ಅಷ್ಟು ಹೇಳಿ ಸುಮ್ಮನಾಗುತ್ತೇನೆ.

ವಾರ 1ರಿಂದ 3

ಹೆಜ್ಜೆ ಹೇಳಿಕೊಡುತ್ತಾರೆ ಅಂದುಕೊಂಡು ಹೋಗಿದ್ದೆವು. ಅಕ್ಕ ಒಂದು ಹೆಜ್ಜೆಯನ್ನೂ ಹೇಳಲಿಲ್ಲ, ಕೆಲಸ ಕೊಟ್ಟರು. "ಕೆಳಗೆ ಕೊತ್ತಂಬರಿ ಕಟ್ಟು ಬಿದ್ದಿದೆ. ಕೈ ಬಳಸದೆ ಎತ್ತಿಕೊಳ್ಳಿ." "ತುಂಬಿದ ಬಸ್ಸಿನಲ್ಲಿ ಇಳಿಯುವ ಬಾಗಿಲ ತನಕ ಹೋಗಿ, ಯಾರನ್ನೂ ಮುಟ್ಟಬೇಡಿ." ನಾವು ಅರ್ಧ ನಿಮಿಷದ ತುಣುಕು ಮಾಡುತ್ತೇವೆ, ಅವರು ಫೋನಿನಲ್ಲಿ ಹಿಡಿದುಕೊಳ್ಳುತ್ತಾರೆ. ಮೂರು ವಾರಕ್ಕೆ 22 ತುಣುಕು ಆದವು. ಉಳಿದದ್ದು ನಾಲ್ಕು. ಗುರುತಿಗೆ ಹೆಸರಿಟ್ಟಿದ್ದೇವೆ: ಬಸ್ಸು, ಇಸ್ತ್ರಿ, ಬಾವಿ, ಚಿಕ್ಕ ಬಾವಿ. ಈಗ "ಬಾವಿ ಮುಗಿದ ಮೇಲೆ ಇಸ್ತ್ರಿ, ಎಡದಿಂದ" ಅಂದರೆ ಐದೂ ಜನಕ್ಕೆ ಅರ್ಥವಾಗುತ್ತದೆ. ಹೊರಗಿನವರು ಕೇಳಿದರೆ ಲಾಂಡ್ರಿ ಅಂಗಡಿ ಅಂದುಕೊಳ್ಳಬೇಕು.

ಬಿಟ್ಟ 18ರಲ್ಲಿ ನನ್ನವು ಏಳು. ಬೇಜಾರಾಯಿತು, ಸುಳ್ಳು ಹೇಳಲ್ಲ.

ಇದೇ ದಿನಗಳಲ್ಲಿ ಒಂದು ಶನಿವಾರ ಇಪ್ಪತ್ತು ನಿಮಿಷ ತಡವಾಗಿ ಹೋದೆ. ಅಕ್ಕ ಬಾಲಂಚೀನ್ ಅನ್ನುವ ಬ್ಯಾಲೆ ಸಂಯೋಜಕರ ಕಥೆ ಹೇಳಿದರು. ಅಮೆರಿಕಕ್ಕೆ ಬಂದ ಹೊಸತರಲ್ಲಿ, 1934ರಲ್ಲಿ, ಅವರು ವಿದ್ಯಾರ್ಥಿಗಳಿಗಾಗಿ 'ಸೆರೆನೇಡ್' ಕಟ್ಟಿದರು. ಮೊದಲ ದಿನ 17 ಹುಡುಗಿಯರು ಬಂದರು, ಹದಿನೇಳು ಜನ ನಿಲ್ಲುವ ಹಾಗೇ ಶುರು ಮಾಡಿದರು. ಒಬ್ಬಳು ಬಿದ್ದಳು, ಇನ್ನೊಬ್ಬಳು ತಡವಾಗಿ ಬಂದಳು. ಎರಡನ್ನೂ ಬ್ಯಾಲೆಯೊಳಗೆ ಸೇರಿಸಿಕೊಂಡರು. ನನಗೆ ಖುಷಿಯಾಯಿತು. "ಹಾಗಾದ್ರೆ ನಾನು ಲೇಟಾಗಿದ್ದನ್ನೂ ಸೇರಿಸ್ತೀರಾ ಅಕ್ಕ?" ಅಂದೆ. "ಅದನ್ನ ಅವರು ಆಗಲೇ ಮಾಡಿಬಿಟ್ಟಿದ್ದಾರಮ್ಮ. ನೀನು ನಾಳೆ ಏಳು ಗಂಟೆಗೆ ಬಾ."

ವಾರ 4: ಅರೆಮಂಡಿ ಜಗಳ

ಬ್ಯಾಲೆಯ ಪ್ಲಿಯೆ, ಅಂದರೆ ಮಂಡಿ ಬಗ್ಗಿಸುವುದು, ನೋಡಲು ನಮ್ಮ ಭರತನಾಟ್ಯದ ಅರೆಮಂಡಿಯ ಹಾಗೇ ಇದೆ. ಮಂಡಿ ಹೊರಗೆ, ಬೆನ್ನು ನೆಟ್ಟಗೆ. ಮಾಡಿದಾಗ ಗೊತ್ತಾಗುತ್ತದೆ, ಸಂಬಂಧ ದೂರದ್ದು ಅಂತ. ಅರೆಮಂಡಿಯಲ್ಲಿ ಕೂತರೆ ಅಲ್ಲೇ ಮನೆ. ಅಲ್ಲೇ ಇದ್ದು ಪಾದ ತಟ್ಟಬೇಕು, ಸದ್ದು ಬರಬೇಕು. ಪ್ಲಿಯೆ ಮಾಡೋದೇ ಮೇಲೆ ಏಳೋದಕ್ಕೆ, ಇಲ್ಲಾ ಹಾರಿ ಬಂದವರನ್ನು ಸದ್ದಿಲ್ಲದೆ ಇಳಿಸೋದಕ್ಕೆ. ನಾನು ಪ್ರತಿ ಸಲ ಕೂತು ಬಿಡುತ್ತಿದ್ದೆ. ಬ್ಯಾಲೆ ಹುಡುಗಿ ತಟ್ಟಡವು, ಅಂದರೆ ಪಾದ ತಟ್ಟುವ ಹೆಜ್ಜೆ, ಮಾಡಿದರೆ ಬೆಕ್ಕು ನಡೆದ ಹಾಗೆ. ಎರಡು ದಿನ ಇಬ್ಬರನ್ನೂ ತಿದ್ದಿ ತಿದ್ದಿ ಅಕ್ಕನಿಗೆ ಸಾಕಾಯಿತು. ಮೂರನೆಯ ದಿನ, "ಬಿಡಿ, ನೀನು ಕೂರು, ಅವಳು ಏಳಲಿ" ಅಂದರು.

ವಾರ 5ರಿಂದ 8: ಏಳು ಮತ್ತು ಎಂಟು

ಇಡೀ ಬ್ಯಾಲೆಯ ಜೀವ ಇಲ್ಲಿದೆ, ನನ್ನ ಪ್ರಕಾರ. ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಸಂಗೀತ ಮಾಡಿಕೊಟ್ಟ ಸ್ನೇಹಿತರು ಚೆಲ್ಲೋ ಜೊತೆಗೆ ಮೃದಂಗ ಇಟ್ಟಿದ್ದಾರೆ. ತಾಳ ಮಿಶ್ರ ಚಾಪು: ತಕಿಟ ತಕಧಿಮಿ, ಮೂರು ಮತ್ತು ನಾಲ್ಕು, ಒಟ್ಟು ಏಳು. ನನಗೆ, ಯೋಗ ಟೀಚರಿಗೆ ಅದು ನೀರು ಕುಡಿದಷ್ಟು ಸುಲಭ. ಪುತ್ತೂರಿನವನಂತೂ ಬಾಯಲ್ಲಿ ಎಣಿಸುವುದೇ ಇಲ್ಲ. ಆದರೆ ಬ್ಯಾಲೆ ಕ್ಲಾಸಿನಲ್ಲೂ ಹಿಪ್‌ಹಾಪ್‌ನಲ್ಲೂ ಎಂಟೆಂಟೇ ಎಣಿಸುವುದು. ಅವರಿಬ್ಬರಿಗೆ ಏಳಾದ ಮೇಲೆ ಬಾಯಲ್ಲಿ ಎಂಟು ತಾನಾಗೇ ಬಂದುಬಿಡುತ್ತದೆ. ಪ್ರತಿ ಸುತ್ತಿನಲ್ಲೂ ಒಂದೊಂದೇ ಹಿಂದೆ ಬೀಳುತ್ತಿದ್ದರು.

ತಪ್ಪಿದ್ದನ್ನು ಅಕ್ಕ ತಿದ್ದಲಿಲ್ಲ, ಲೆಕ್ಕ ಹಾಕಿದರು. ಏಳೆಂಟ್ಲಿ ಐವತ್ತಾರು. ನಾವು ಮೂವರು ಎಂಟು ಸುತ್ತು ಮುಗಿಸುವಾಗ ಅವರಿಬ್ಬರು ಏಳು ಸುತ್ತು ಮುಗಿಸಿರುತ್ತಾರೆ. ಐವತ್ತಾರಕ್ಕೆ ಐದೂ ಜನ ಒಂದೇ ಸಲ ಬಂದು ನಿಲ್ಲಬೇಕು. ವೇಗ ನಿಮಿಷಕ್ಕೆ 112. ಅಂದರೆ ಸರಿಯಾಗಿ ಅರ್ಧ ನಿಮಿಷ.

ಕಾಗದದ ಮೇಲೆ ಚೆಂದ. ಮಾಡುವಾಗ ಪಕ್ಕದವರು ನಮ್ಮ ಎಣಿಕೆಯನ್ನು ಕದ್ದುಕೊಂಡು ಹೋಗುತ್ತಾರೆ. 28ರಲ್ಲಿ ನಮ್ಮದು ನಾಲ್ಕು ಸುತ್ತು ಪೂರ್ತಿ, ಅವರದು ನಾಲ್ಕನೇ ಸುತ್ತಿನ ನಟ್ಟನಡುವೆ. ನಾನು ಅರೆಮಂಡಿಯಲ್ಲಿ ತಗ್ಗಿದ್ದೇನೆ, ಕಣ್ಣೆದುರಿಗೆ ಬ್ಯಾಲೆ ಹುಡುಗಿ ಬೆರಳ ತುದಿಯ ಮೇಲೆ ನಿಂತಿದ್ದಾಳೆ. ನನ್ನ ಮೈ ಏಳೋಣ ಏಳೋಣ ಅನ್ನುತ್ತದೆ. ಎದ್ದೆನೋ, ಕೆಟ್ಟೆ. ಇನ್ನೂ ಕೆಟ್ಟದ್ದೇನು ಅಂದರೆ, ಯಾರು ತಪ್ಪಿದರು ಅಂತ ಕೊನೆಯ ತನಕ ಗೊತ್ತಾಗುವುದಿಲ್ಲ. ಐವತ್ತಾರಕ್ಕೆ ನಾಲ್ಕು ಜನ ನಿಂತಿರುತ್ತಾರೆ, ಐದನೆಯವರು ಇನ್ನೂ ಬಸ್ಸಿನಲ್ಲಿರುತ್ತಾರೆ. ಏಳನೇ ವಾರ ಹನ್ನೊಂದು ಸಲ ಮಾಡಿದೆವು. ಸರಿ ಬಂದದ್ದು ಎರಡು ಸಲ.

ದಾರಿ ಸಿಕ್ಕಿದ್ದು ಎಂಟನೇ ವಾರ, ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡುವಾಗ. ಅವರ ಕೊನೆಯ ಸುತ್ತು 49ಕ್ಕೆ ಶುರು, ನಮ್ಮದು 50ಕ್ಕೆ. ಬರೀ ಒಂದು ಎಣಿಕೆ ವ್ಯತ್ಯಾಸ. ಬ್ಯಾಲೆ ಹುಡುಗಿಯ ಬಲಗಾಲಿನ ಹಿಮ್ಮಡಿ ನೆಲ ಬಿಟ್ಟದ್ದು ಕಂಡರೆ ಸಾಕು, ಮುಂದಿನ ಎಣಿಕೆಗೆ ನಾನು ಹೊರಡಬೇಕು. ಯೋಗ ಟೀಚರ್ ನನ್ನ ತಟ್ಟು ಕೇಳಿ ಹೊರಡುತ್ತಾರೆ. ಪುತ್ತೂರಿನವನನ್ನು ಕೇಳಿದರೆ, "ನಾನು ಎಂತದೂ ನೋಡುದಿಲ್ಲ ಮಾರಾಯ್ರೆ, ಅದು ಬರ್ತದೆ" ಅಂದ. ಬರುತ್ತದೆ ಕೂಡ. ಹೊಟ್ಟೆ ಉರಿಯುತ್ತದೆ.

ಎತ್ತುವುದು, ಇಳಿಸುವುದು

ಇಬ್ಬರ ತುಣುಕು ಒಂದಿದೆ, ಪುತ್ತೂರಿನವನದು ಮತ್ತು ಬ್ಯಾಲೆ ಹುಡುಗಿಯದು. ಅವಳು ಒಂದೇ ಕಾಲಿನ ಬೆರಳ ತುದಿಯ ಮೇಲೆ ನಿಂತು ಹೊರಗೆ ವಾಲುತ್ತಾಳೆ, ಅವನು ಎದುರು ದಿಕ್ಕಿಗೆ ವಾಲಿ ಅವಳನ್ನು ತಡೆದಿರಬೇಕು. ಮೊದಲು ಅಂಗೈ ಹಿಡಿದಿದ್ದರು. ಬೆವರಿಗೆ ಜಾರಿ ಅವಳು ಕೂತೇಬಿಟ್ಟಳು. ಈಗ ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿಯುತ್ತಾರೆ. ಒಂದು ಕೈ ಸಡಿಲವಾದರೂ ಇನ್ನೊಂದು ಹಿಡಿದಿರುತ್ತದೆ. ಎತ್ತುವಾಗ ಅವನು ಬರೀ ತೋಳಿನ ಬಲದಲ್ಲಿ ಎತ್ತುತ್ತಿದ್ದ. "ಅಕ್ಕಿ ಮೂಟೆ ಅಲ್ಲವೋ ಅದು" ಅಂತ ಅಕ್ಕ ಬೈದರು. ಅವಳು ಪ್ಲಿಯೆ ಮಾಡಿ ತಾನೇ ಹಾರಬೇಕು, ಅವನೂ ಅದೇ ಉಸಿರಿಗೆ ಮಂಡಿ ಬಗ್ಗಿಸಿ ಏಳಬೇಕು. ಅರ್ಧ ಕೆಲಸ ಅವಳದು. ಅವನ ಯಕ್ಷಗಾನದ ದಿಗಿಣವನ್ನೂ ಇಲ್ಲಿ ಸೇರಿಸಿದ್ದಾರೆ. ಅವಳನ್ನು ಇಳಿಸಿದ ಕೂಡಲೇ ಹಾರಿ ಹಾರಿ ಸುತ್ತುತ್ತಾ ಆಚೆ ಹೋಗುತ್ತಾನೆ. ಬ್ಯಾಲೆಯಲ್ಲಿ ಸುತ್ತುವಾಗ ಕಣ್ಣನ್ನು ಒಂದೇ ಕಡೆ ನೆಟ್ಟು, ತಲೆಯನ್ನು ಕೊನೆಗೆ ತಟ್ಟನೆ ತಿರುಗಿಸುತ್ತಾರೆ. ಅವನಿಗೂ ಅದನ್ನು ಕಲಿಸಲು ಹೋದರು. ತಲೆ ಸುತ್ತಿ ಗೋಡೆ ಹಿಡಿದ. ಹಳೆಯದೇ ಇರಲಿ ಅಂತ ಬಿಟ್ಟರು.

ನೆಲ, ಶೂ, ಇತ್ಯಾದಿ ಗೋಳು

ನಮ್ಮ ಹಾಲ್ ಹಳೆಯ ಕಟ್ಟಡದ್ದು, ಕೆಂಪು ರೆಡ್ ಆಕ್ಸೈಡ್ ನೆಲ. ನೋಡಲು ಕನ್ನಡಿ, ಕುಣಿಯಲು ಕಲ್ಲು. ಹಾರಿ ಇಳಿದರೆ ಪೆಟ್ಟು ನೇರ ಮೊಣಕಾಲಿಗೆ. ಬ್ಯಾಲೆಗೆ ಬೇಕಾದದ್ದು ಕೆಳಗೆ ಟೊಳ್ಳಿದ್ದು ಸ್ವಲ್ಪ ಬಾಗುವ ಮರದ ನೆಲ. ನಾವು ಮೇಲೆ ವಿನೈಲ್ ಹಾಸು ಹಾಸಿಕೊಂಡೆವು. ಜಾರುವುದು ನಿಂತಿತು, ಪೆಟ್ಟು ನಿಲ್ಲಲಿಲ್ಲ. ಆರನೇ ವಾರ ಹಿಪ್‌ಹಾಪ್ ಹುಡುಗನಿಗೂ ನನಗೂ ಮುಂಗಾಲ ಮೂಳೆಯುದ್ದಕ್ಕೂ ನೋವು. ಆಮೇಲೆ ಈ ಹಾಲ್‌ನಲ್ಲಿ ಹಾರುವುದು ಬಂದ್. ಹದಿನೈದು ದಿನಕ್ಕೊಮ್ಮೆ ಮರದ ನೆಲದ ಸ್ಟುಡಿಯೋ ಬಾಡಿಗೆ ಹಿಡಿದು ಹಾರುವುದೆಲ್ಲ ಅಲ್ಲೇ. ಒಂದು ಸಲ ದುಡ್ಡು ಕೊಟ್ಟು ಹೋದರೆ ಅದೇ ಹೊತ್ತಿಗೆ ಝುಂಬಾ ಕ್ಲಾಸಿಗೂ ಕೊಟ್ಟಿದ್ದರು. ಮೆಟ್ಟಿಲ ಮೇಲೆ ಕೂತು ಐವತ್ತಾರು ಎಣಿಸಿ ವಾಪಸ್ ಬಂದೆವು.

ಬೆರಳ ತುದಿಯ ಮೇಲೆ ನಿಲ್ಲುವ ಪಾಯಿಂಟ್ ಶೂ ಒಳಗೆ ಮರ ಇರುತ್ತದೆ ಅಂದುಕೊಂಡಿದ್ದೆ. ಬಟ್ಟೆ, ಕಾಗದದ ಪದರಗಳಿಗೆ ಅಂಟು ಹಾಕಿ ಗಟ್ಟಿ ಮಾಡಿದ್ದಂತೆ. ಬೆವರಿಗೆ ಮೆತ್ತಗಾಗುತ್ತದೆ. ಈ ಮಳೆಯಲ್ಲಿ ಒಣಗುವುದೂ ಇಲ್ಲ. ಪಾಪ, ಬ್ಯಾಲೆ ಹುಡುಗಿ ಮನೆಯಲ್ಲಿ ಫ್ಯಾನಿಗೆ ಎದುರಾಗಿ ಹಗ್ಗ ಕಟ್ಟಿ ನೇತು ಹಾಕುತ್ತಾಳೆ, ಅವರಮ್ಮ ಉಪ್ಪಿನಕಾಯಿ ಮಾವಿನಕಾಯಿ ಒಣಗಿಸಿದ ಹಾಗೆ.

ವಾರ 9, ಭಾನುವಾರ

ಏಳು ನಿಮಿಷವನ್ನು ಮೊದಲ ಸಲ ಎಲ್ಲೂ ನಿಲ್ಲಿಸದೆ ಮಾಡಿದೆವು. ನೋಡಲು ಮನೆಯವರನ್ನು ಕರೆದಿದ್ದೆವು. ದೊಡ್ಡಮ್ಮ ಕೋಡುಬಳೆ ಡಬ್ಬಿ ಹಿಡಿದು ಮುಂದೆಯೇ ಕೂತರು. ಬಸ್ಸು ಮುಗಿದು ಏಳು-ಎಂಟು ಶುರುವಾದಾಗ ಕಣ್ಣಂಚಿನಲ್ಲಿ ಕಂಡಿತು, ಅವರ ಕೈ ತೊಡೆಯ ಮೇಲೆ ಚಾಪು ಹಾಕುತ್ತಿದೆ. ಐವತ್ತಾರಕ್ಕೆ ಐವರೂ ನಿಂತೆವು. ದೊಡ್ಡಮ್ಮನ ಕೈಯೂ ನಿಂತಿತು.

ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಆ ಉದ್ದ ಹುಡುಗಿ ತುಂಬ ಚೆನ್ನಾಗಿ ಮಾಡ್ತಾಳೆ ಕಣೇ. ಆದ್ರೆ ಮಧ್ಯದಲ್ಲಿ ತಾಳ ತಪ್ಪಿದಳು. ಕೊನೆಗೆ ಹೇಗೋ ಹಿಡಿದುಕೊಂಡಳು, ನೋಡಿದ್ಯಾ?"

ಅಕ್ಕನಿಗೆ ಹೇಳಿದೆ. ಜೋರಾಗಿ ನಕ್ಕು, ಮುಂದಿನ ವಾರವೂ ಕರೆದುಕೊಂಡು ಬಾ ಅಂದರು. ಉಳಿದ ಐದು ನಿಮಿಷಕ್ಕೆ ಶನಿವಾರ ಕೈ ಹಾಕುತ್ತೇವೆ. ದೊಡ್ಡಮ್ಮ ಬರಲ್ವಂತೆ, ತುಮಕೂರಿನಲ್ಲಿ ಮದುವೆ ಇದೆ.